ಹಳೆಯ ಹಾಡಿಗೆ ಹೊಸ ಸರದಿ

ವಸ್ತಾರೆ, ಆಲ್ದೂರು ಕಡೆಯ ಮನೆಗಳಲ್ಲಿ ಬೆಳಿಗ್ಗೆ ರೇಡಿಯೋ ಹಾಕಿದಾಗ ಹಳೆಯ ಚಿತ್ರಗೀತೆ ಕೇಳಿಬಂದರೆ ಅದು ಸುದ್ದಿಯೇ ಅಲ್ಲ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲಾ ಇವರ ದನಿ ಅಲ್ಲಿ ಅಡುಗೆಮನೆಯ ಒಗ್ಗರಣೆ ಸದ್ದಿನಷ್ಟೇ ಸಹಜ. ಆದ್ದರಿಂದ ‘ರೇಡಿಯೋ ಕೇಂದ್ರಗಳು ಮತ್ತೆ ಹಳೆಯ ಜನಪ್ರಿಯ ಹಾಡುಗಳಿಗೆ ಮರಳುತ್ತಿವೆಯಂತೆ’ ಎಂದು ಯಾರಾದರೂ ಪೇಟೆಯಿಂದ ಸುದ್ದಿ ತಂದರೆ ಮಲೆನಾಡಿನ ಅಜ್ಜಂದಿರು ನಕ್ಕುಬಿಟ್ಟಾರು. ಹೋಗಿದ್ದರೆ ತಾನೆ ಮರಳಿ ಬರುವುದು?

ಪೇಟೆಯಲ್ಲಿ ಮಾತ್ರ ಅವು ಹೋಗಿದ್ದುದು ನಿಜ. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಆರಂಭವಾಯಿತು. ಅದು ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ. ಹೊಸ ಕೇಂದ್ರ, ಹೊಸ ಮಾತು, ಹೊಸ ಹಾಡು ಎಂಬುದೇ ಆ ಕಾಲದ ಮಂತ್ರವಾಗಿತ್ತು. ಅಪ್ಪ ಕೇಳುವ ಹಾಡನ್ನು ಮಗ ಕೇಳಬಾರದು ಎಂಬಂತೆ ವಾರಕ್ಕೊಂದು ಹೊಸ ಚಿತ್ರದ ಗೀತೆ ದಿನವಿಡೀ ಮೊಳಗಿತು. 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ಯ ಹಾಡುಗಳು ಮರುವರ್ಷ ಎಷ್ಟು ಸಲ ಪ್ರಸಾರವಾದವು ಎಂದು ಲೆಕ್ಕವಿಟ್ಟವರು ಇರಲಾರರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. 2016ರಲ್ಲಿ ದೆಹಲಿ ಮತ್ತು ಮುಂಬಯಿಗಳಲ್ಲಿ ಹಳೆಯ ಹಿಂದಿ ಹಾಡುಗಳಿಗೆಂದೇ ರೇಡಿಯೋ ನಶಾ ಎಂಬ ಕೇಂದ್ರ ಶುರುವಾಯಿತು. 2017ರಲ್ಲಿ ಸರೆಗಮ ಸಂಸ್ಥೆ ಹಳೆಯ ಟ್ರಾನ್ಸಿಸ್ಟರ್‌ನ ರೂಪದಲ್ಲೇ ‘ಕಾರವಾನ್’ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಒಳಗೆ 5,000 ಹಿಂದಿ ಹಾಡುಗಳು ಮೊದಲೇ ತುಂಬಿದ್ದವು. ಆಮೇಲೆ ಕನ್ನಡದ ಹಾಡಿನ ಪೆಟ್ಟಿಗೆಯೂ ಬಂತು. ಮಕ್ಕಳು ಊರಿನಲ್ಲಿರುವ ಅಪ್ಪ ಅಮ್ಮನಿಗೆ ಹಬ್ಬದ ಉಡುಗೊರೆಯಾಗಿ ಇದನ್ನು ಕೊಂಡೊಯ್ದರು. ತಿರುಗಣೆ ತಿರುಗಿಸಿದರೆ ಹಾಡು ಬರುತ್ತದೆ, ಇಂಟರ್‌ನೆಟ್ಟೂ ಬೇಡ, ಮೊಮ್ಮಗನನ್ನು ಕರೆಯುವುದೂ ಬೇಡ. ಅದರ ಯಶಸ್ಸಿನ ಗುಟ್ಟು ಹಾಡಿನಲ್ಲಿ ಎಷ್ಟಿತ್ತೋ ಈ ತಿರುಗಣೆಯಲ್ಲೂ ಅಷ್ಟೇ ಇತ್ತು.

ಹೊರದೇಶಗಳಲ್ಲಿ ಈ ಹೊರಳು ಇನ್ನೂ ನಾಟಕೀಯ. ನ್ಯೂಯಾರ್ಕಿನ ಡಬ್ಲ್ಯುಸಿಬಿಎಸ್ ಎಫ್‌ಎಂ ಕೇಂದ್ರ 1972ರಿಂದ ಹಳೆಯ ಹಾಡುಗಳಿಗೆ ಹೆಸರಾಗಿತ್ತು. 2005ರ ಜೂನ್ 3ರ ಸಂಜೆ ಯಾವ ಮುನ್ಸೂಚನೆಯೂ ಇಲ್ಲದೆ ಮಾಲೀಕರು ಅದನ್ನು ನಿಲ್ಲಿಸಿ, ಉದ್ಘೋಷಕರೇ ಇಲ್ಲದ ಹೊಸ ಮಾದರಿಯನ್ನು ತಂದರು. ಊರಿಗೆ ಊರೇ ಸಿಟ್ಟಾಯಿತು. ಎರಡು ವರ್ಷ ತಾಳಿದ ಮಾಲೀಕರು 2007ರ ಜುಲೈ 12ರಂದು ಹಳೆಯ ಹೆಸರು, ಹಳೆಯ ಹಾಡು ಎರಡನ್ನೂ ವಾಪಸು ತಂದರು. ಆದರೆ ಒಂದು ಸೂಕ್ಷ್ಮ ಬದಲಾವಣೆ ಇತ್ತು. 1950ರ ದಶಕದ ಹಾಡುಗಳು ಬಹುಮಟ್ಟಿಗೆ ಕಾಣೆಯಾಗಿ ಎಂಬತ್ತರ ದಶಕದವು ಒಳಗೆ ಬಂದಿದ್ದವು. ಬ್ರಿಟನ್ನಿನಲ್ಲಿ ‘ಗ್ರೇಟೆಸ್ಟ್ ಹಿಟ್ಸ್ ರೇಡಿಯೋ’ ಎಂಬ ಹೆಸರಿನಲ್ಲೇ ಒಂದು ಜಾಲ 2019ರಲ್ಲಿ ಆರಂಭವಾಯಿತು. ಬಿಬಿಸಿಯಲ್ಲಿ 31 ವರ್ಷ ಬೆಳಗಿನ ಕಾರ್ಯಕ್ರಮ ನಡೆಸಿದ್ದ ಕೆನ್ ಬ್ರೂಸ್ ಎಂಬ ಉದ್ಘೋಷಕ 2023ರ ಏಪ್ರಿಲ್‌ನಲ್ಲಿ ಈ ಜಾಲ ಸೇರಿದಾಗ ಕೇಳುಗರು ಅವರ ಹಿಂದೆಯೇ ಹೋದರು.

ಒಂದೇ ಹಾಡನ್ನು ಮತ್ತೆ ಮತ್ತೆ ಹಾಕುವ ಈ ಉಪಾಯ ಹುಟ್ಟಿದ ಬಗೆ ಹೇಗೆ? ಇದಕ್ಕೊಂದು ಪ್ರಸಿದ್ಧ ಕತೆಯಿದೆ. ಅಮೆರಿಕದ ಓಮಹಾ ಪಟ್ಟಣದಲ್ಲಿ ಟಾಡ್ ಸ್ಟೋರ್ಜ್ ಎಂಬಾತ ಒಂದು ರೇಡಿಯೋ ಕೇಂದ್ರ ನಡೆಸುತ್ತಿದ್ದ. 1950ರ ದಶಕದ ಆರಂಭ. ಒಂದು ಪಾನಗೃಹದಲ್ಲಿ ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ ಇತ್ತು. ಗಿರಾಕಿಗಳು ಅದರಲ್ಲಿದ್ದ ಹತ್ತಾರು ಹಾಡುಗಳಲ್ಲಿ ಕೆಲವನ್ನೇ ಪದೇ ಪದೇ ಹಾಕಿಸಿಕೊಳ್ಳುತ್ತಿದ್ದರು. ಅದೇನೂ ವಿಚಿತ್ರವಲ್ಲ. ಗಿರಾಕಿಗಳೆಲ್ಲ ಹೋದ ಮೇಲೆ, ದಿನವಿಡೀ ಅದನ್ನೇ ಕೇಳಿ ಸಾಕಾಗಿರಬೇಕಾಗಿದ್ದ ಪರಿಚಾರಿಕೆ ತನ್ನ ಕೈಯಿಂದಲೇ ನಾಣ್ಯ ಹಾಕಿ ಅದೇ ಹಾಡನ್ನು ಇನ್ನೊಮ್ಮೆ ಕೇಳಿದಳಂತೆ. ಈ ಕತೆಗೆ ಎಷ್ಟು ಉಪ್ಪುಕಾರ ಸೇರಿದೆಯೋ, ಸ್ಟೋರ್ಜ್ ಮಾಡಿದ್ದಂತೂ ಇತಿಹಾಸ: ಆಯ್ದ ಕೆಲವೇ ಹಾಡುಗಳನ್ನು ಸುತ್ತು ಹೊಡೆಸುವ ‘ಟಾಪ್ 40’ ಪದ್ಧತಿ. ಇಂದಿನ ಎಲ್ಲ ಖಾಸಗಿ ಕೇಂದ್ರಗಳ ಮೂಲ ಅದೇ.

ನಮ್ಮಲ್ಲಿ ದಾರಿ ಬೇರೆಯಾಗಿತ್ತು. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಪ್ರಸಾರಕ ಇಟ್ಟುಕೊಂಡು ಕೇಂದ್ರ ನಡೆಸಿದರು. ಒಂದು ಹಳೆಯ ಬಲ್ಬಿಗೆ ಬೇಕಾಗುವಷ್ಟು ವಿದ್ಯುತ್ತು! ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಆ ಹೆಸರೇ ಐವತ್ತರ ದಶಕದಲ್ಲಿ ಇಡೀ ದೇಶದ ಬಾನುಲಿಗೆ ಅಂಟಿತು. ರೇಡಿಯೋ ಮತ್ತು ಮನಸ್ಸು, ಈ ಎರಡನ್ನೂ ಬಲ್ಲ ಮೇಷ್ಟ್ರು ಮೊದಲು ಈ ಕೆಲಸಕ್ಕೆ ಇಳಿದದ್ದು ಆಕಸ್ಮಿಕವೇ ಇರಬಹುದು, ಆದರೆ ಸೊಗಸಾದ ಆಕಸ್ಮಿಕ. ಧಾರವಾಡದ ಕೇಂದ್ರ 1950ರಲ್ಲಿ, ಬೆಂಗಳೂರಿನದು 1955ರಲ್ಲಿ ಬಂದವು. ಚಿಕ್ಕಮಗಳೂರು ಸೀಮೆಗೆ ಹತ್ತಿರವಾದದ್ದು 1965ರಲ್ಲಿ ಆರಂಭವಾದ ಭದ್ರಾವತಿ ಕೇಂದ್ರ. ‘675 ಕಿಲೋಹರ್ಟ್ಸ್’ ಎಂಬ ಸಂಖ್ಯೆ ಇಲ್ಲಿಯ ಎರಡು ತಲೆಮಾರಿನವರಿಗೆ ಬಾಯಿಪಾಠ. ಮಗ್ಗಿ ಮರೆತವರೂ ಅದನ್ನು ಮರೆತಿಲ್ಲ.

ಇದಕ್ಕೂ ಮೊದಲೇ ಒಂದು ಸ್ವಾರಸ್ಯ ನಡೆದಿತ್ತು. 1952ರಿಂದ 1962ರವರೆಗೆ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆ ಎಂದರೆ ಆಗದು. ಆಕಾಶವಾಣಿಯಲ್ಲಿ ಅದಕ್ಕೆ ಬಾಗಿಲು ಮುಚ್ಚಿದಂತಾಯಿತು. ಜನರು ಸುಮ್ಮನಿದ್ದಾರೆಯೆ? ತಿರುಗಣೆಯನ್ನು ರೇಡಿಯೋ ಸಿಲೋನಿನ ಕಡೆ ತಿರುಗಿಸಿದರು. 1952ರ ಡಿಸೆಂಬರ್‌ನಲ್ಲಿ ಅಲ್ಲಿ ಶುರುವಾದ ಬಿನಾಕಾ ಗೀತ್‌ಮಾಲಾ, ಅಮೀನ್ ಸಯಾನಿ ಅವರ ದನಿ, ಹಾಡುಗಳು ಮೆಟ್ಟಿಲು ಏರಿ ಇಳಿಯುವ ಆ ಕುತೂಹಲ ದೇಶದ ಮೂಲೆಮೂಲೆಯನ್ನೂ ಹಿಡಿದಿಟ್ಟವು. (ಸಯಾನಿ ಅವರು 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರ ಹೆಸರು ಕೇಳಿಯೇ ಇರದ ಮಕ್ಕಳು, ಅಜ್ಜ ಯಾಕೆ ಇದ್ದಕ್ಕಿದ್ದಂತೆ ಮಂಕಾದರು ಎಂದು ಬೆರಗಾಗಿರಬಹುದು.) ಕೊನೆಗೆ ಆಕಾಶವಾಣಿಯೇ ಸೋತು, 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತು. ಜನ ಕೇಳಬಾರದ್ದನ್ನು ಸರ್ಕಾರ ತೀರ್ಮಾನಿಸಲು ಹೋದರೆ ಸಮುದ್ರದಾಚೆಯ ತರಂಗ ಅದಕ್ಕೆ ಉತ್ತರ ಕೊಡುತ್ತದೆ.

ಆಮೇಲಿನ ದಶಕಗಳಲ್ಲಿ ಕೋರಿಕೆಯ ಕಾರ್ಯಕ್ರಮಗಳದೇ ರಾಜ್ಯಭಾರ. ಹಾಡಿಗಿಂತ ಮೊದಲು ಬರುತ್ತಿದ್ದ ಹೆಸರುಗಳ ಉದ್ದನೆಯ ಪಟ್ಟಿಯನ್ನು ಈಗಿನ ಮಕ್ಕಳಿಗೆ ವಿವರಿಸುವುದು ಕಷ್ಟ. ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿದ ಹೆಸರು, ಅದರ ಜೊತೆಗೆ ಊರಿನ ಹೆಸರು. ಕೊಪ್ಪದಿಂದ ಇಂಥವರು, ಬಾಳೆಹೊನ್ನೂರಿನಿಂದ ಇಂಥವರು ಮತ್ತು ಮನೆಯವರು, ಕಳಸದಿಂದ ಗೆಳೆಯರ ಬಳಗ. ಹಾಡು ಮೂರು ನಿಮಿಷ, ಹೆಸರು ಎರಡು ನಿಮಿಷ. ಹಾಡಿನ ಆಯ್ಕೆಯಲ್ಲಿ ವಸ್ತಾರೆಯ ಒಂದು ಕಾರ್ಡಿಗೂ ಒಂದಿಷ್ಟು ತೂಕವಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಇಂದಿನ ‘ಗ್ರೇಟೆಸ್ಟ್ ಹಿಟ್ಸ್’ ಪಟ್ಟಿಗೂ ಅದಕ್ಕೂ ಇರುವ ದೊಡ್ಡ ಅಂತರ ಇದೇ.

ಹಳೆಯ ಹಾಡು ಯಾಕೆ ಇಷ್ಟವಾಗುತ್ತದೆ? ‘ಆಗಿನ ಹಾಡುಗಳೇ ಚೆನ್ನಾಗಿದ್ದವು’ ಎಂದು ಹಿರಿಯರು ಹೇಳುತ್ತಾರೆ. ಅದನ್ನು ಅವರ ಹಿರಿಯರೂ ಹೇಳಿದ್ದರು. ಅಮೆರಿಕದ ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಇಬ್ಬರು ಸಂಶೋಧಕರು 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ವರ್ಷಗಳ ಜನಪ್ರಿಯ ಹಾಡುಗಳ ತುಣುಕು ಕೇಳಿಸಿ ಅಂಕ ಕೊಡಲು ಹೇಳಿದರು. ಯಾವ ಹಾಡಿಗೆ ಹೆಚ್ಚು ಅಂಕ ಬಿತ್ತು ಎಂದು ನೋಡಿದರೆ, ಕೇಳುಗನಿಗೆ ಸುಮಾರು 23.5 ವರ್ಷ ವಯಸ್ಸಾಗಿದ್ದಾಗ ಬಂದ ಹಾಡಿಗೆ! ಅದಕ್ಕಿಂತ ಹಿಂದಿನದಕ್ಕೂ ಮುಂದಿನದಕ್ಕೂ ಪ್ರೀತಿ ಇಳಿಮುಖ. ಹರೆಯದಲ್ಲಿ ಮನಸ್ಸಿಗೆ ಮೊದಲ ಸಲ ತಟ್ಟುವ ಸಂಗತಿಗಳು ಹೆಚ್ಚು. ಮೊದಲ ಸಂಬಳ, ಮೊದಲ ಪ್ರೇಮ, ಊರು ಬಿಟ್ಟ ಮೊದಲ ಬಸ್ಸು. ಇವುಗಳ ಪಕ್ಕದಲ್ಲೇ ಆಗ ಕೇಳಿದ ಹಾಡೂ ಕುಳಿತುಬಿಡುತ್ತದೆ. ನೆನಪಿನ ಅಧ್ಯಯನ ಮಾಡುವವರು ನಡುವಯಸ್ಸು ದಾಟಿದವರನ್ನು ಬಾಳಿನ ಘಟನೆ ಹೇಳಲು ಕೇಳಿದರೆ, ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನವೇ ರಾಶಿಯಾಗಿ ಹೊರಬೀಳುತ್ತವೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹುಟ್ಟಿದ ವರ್ಷಕ್ಕೆ 23 ಕೂಡಿಸಿ. 1950ರಲ್ಲಿ ಹುಟ್ಟಿದ ಅಜ್ಜನಿಗೆ 1973 ಬರುತ್ತದೆ, ‘ಗಂಧದ ಗುಡಿ’ಯ ವರ್ಷ. 1964ರವರಿಗೆ 1987, ಹಂಸಲೇಖ ಅವರ ‘ಪ್ರೇಮಲೋಕ’. 1983ರಲ್ಲಿ ಹುಟ್ಟಿದ ಅಪ್ಪ ಅಮ್ಮನಿಗೆ 2006, ಮತ್ತದೇ ‘ಮುಂಗಾರು ಮಳೆ’. ಮನೆಯ ಪ್ರತಿಯೊಬ್ಬರಿಗೂ ತಿಳಿಯದಂತೆ ಅವರ ಮೆಚ್ಚಿನ ಐದು ಹಾಡು ಕೇಳಿ ಬರೆದುಕೊಂಡು, ಚಿತ್ರ ಬಂದ ವರ್ಷವನ್ನು ಹುಡುಕಿ, ಆಗ ಅವರ ವಯಸ್ಸೆಷ್ಟು ಎಂದು ಲೆಕ್ಕ ಹಾಕಿದರೆ ಒಂದು ಸಣ್ಣ ಗ್ರಾಫ್ ಆಗುತ್ತದೆ. ಎಲ್ಲರೂ 23ಕ್ಕೇ ಬಂದು ಬೀಳುವುದಿಲ್ಲ. ಮನೆಯಲ್ಲಿ ಹತ್ತು ಜನರಿದ್ದರೆ ಸರಾಸರಿ ತೆಗೆಯುವುದಕ್ಕೂ ಒಂದು ಅರ್ಥವಿರುತ್ತದೆ, ಮೂವರೇ ಇದ್ದರೆ ನೆರೆಮನೆಯವರನ್ನೂ ಸೇರಿಸಿಕೊಳ್ಳಬೇಕು. ಹೊಂದಿಕೆಯಾಗದ ಉತ್ತರಗಳೇ ಹೆಚ್ಚು ಸ್ವಾರಸ್ಯದವು. ಹದಿನೈದರ ಹುಡುಗಿ 1972ರ ‘ನಾಗರಹಾವು’ ಚಿತ್ರದ ಹಾಡು ಬರೆದರೆ, ಅದನ್ನು ಅವಳು ಎಲ್ಲಿ ಯಾರಿಂದ ಕೇಳಿದಳು ಎಂದು ಕೇಳಿ. ಕಾಫಿ ಕುಯ್ಲಿನ ಹೊತ್ತಿನಲ್ಲಿ ತೋಟದಲ್ಲಿ ಯಾರದೋ ಸೊಂಟಕ್ಕೆ ಸಿಕ್ಕಿಸಿದ ಮೊಬೈಲಿನಿಂದ ಎಂಬ ಉತ್ತರವೂ ಬಂದೀತು.

ರೇಡಿಯೋ ನಡೆಸುವವರಿಗೆ ಈ 23ರ ಲೆಕ್ಕ ಹಣದ ಲೆಕ್ಕವೂ ಹೌದು. ಜಾಹೀರಾತು ಕೊಡುವವರಿಗೆ ಬೇಕಾದದ್ದು ಕೈಯಲ್ಲಿ ಕಾಸಿರುವ, ಮನೆಗೆ ಸಾಮಾನು ಕೊಳ್ಳುವ ವಯಸ್ಸಿನವರು. ಅವರಿಗೆ 45 ಎಂದಿಟ್ಟುಕೊಂಡರೆ ಇಪ್ಪತ್ತೆರಡು ವರ್ಷ ಹಿಂದಿನ ಹಾಡು ಹಾಕಬೇಕು. ವರ್ಷ ಉರುಳಿದಂತೆ ಆ ಕಿಟಕಿಯೂ ಮುಂದೆ ಸರಿಯುತ್ತದೆ. ನ್ಯೂಯಾರ್ಕಿನಲ್ಲಿ ಐವತ್ತರ ದಶಕದ ಹಾಡುಗಳು ಕಾಣೆಯಾದದ್ದು ಹಾಡಿನ ದೋಷದಿಂದಲ್ಲ, ಅವನ್ನು ಪ್ರೀತಿಸುವವರು ಜಾಹೀರಾತುದಾರರ ಕಿಟಕಿಯಿಂದ ಆಚೆ ಹೋದದ್ದರಿಂದ. ‘ಸಾರ್ವಕಾಲಿಕ’ ಎಂಬ ಮಾತಿನ ಹಿಂದೆ ಇಂಥದೊಂದು ಗಡುವು ಅಡಗಿರುತ್ತದೆ.

ಪಟ್ಟಿ ತಯಾರಾಗುವ ಬಗೆಯನ್ನೂ ತಿಳಿಯುವುದು ಒಳ್ಳೆಯದು. ದೊಡ್ಡ ಕೇಂದ್ರಗಳು ಕೇಳುಗರಿಗೆ ಪ್ರತಿ ಹಾಡಿನ ಕೆಲವೇ ಸೆಕೆಂಡಿನ ತುಣುಕು ಕೇಳಿಸಿ ಅಂಕ ಪಡೆಯುತ್ತವೆ. ಕೆಲವು ಸೆಕೆಂಡಿನಲ್ಲಿ ಗುರುತು ಸಿಗುವುದು ಮೊದಲೇ ಗೊತ್ತಿರುವ ಹಾಡಿಗೆ ಮಾತ್ರ. ಗುರುತು ಸಿಗದ್ದಕ್ಕೆ ಅಂಕ ಕಡಿಮೆ, ಅಂಕ ಕಡಿಮೆಯಾದ್ದರಿಂದ ಅದು ಪ್ರಸಾರವಾಗದು, ಪ್ರಸಾರವಾಗದ್ದರಿಂದ ಮುಂದಿನ ಸಲ ಇನ್ನೂ ಕಡಿಮೆ ಜನರಿಗೆ ಗೊತ್ತಿರುತ್ತದೆ. ಪದೇ ಪದೇ ಕಂಡದ್ದು, ಕೇಳಿದ್ದು ಬರಬರುತ್ತ ಹಿತವೆನಿಸುತ್ತದೆ ಎಂದು ರಾಬರ್ಟ್ ಜಾಯೊಂಕ್ ಎಂಬ ಮನೋವಿಜ್ಞಾನಿ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು.

ಒಂದು ಸಣ್ಣ ಗಣಿತ. ಗಂಟೆಗೆ 12 ಹಾಡಿನಂತೆ ದಿನಕ್ಕೆ 18 ಗಂಟೆ ಪ್ರಸಾರ ಮಾಡುವ ಕೇಂದ್ರಕ್ಕೆ 216 ಹಾಡು ಬೇಕು. ಪಟ್ಟಿಯಲ್ಲಿ 400 ಹಾಡಿದ್ದರೆ ಎರಡು ದಿನಕ್ಕೊಮ್ಮೆ ಅದೇ ಹಾಡು ಮತ್ತೆ ಬರುತ್ತದೆ. 1934ರ ‘ಸತಿ ಸುಲೋಚನಾ’ದಿಂದ ಈವರೆಗೆ ಬಂದ ಕನ್ನಡ ಚಿತ್ರಗಳನ್ನು ಮೂರು ಸಾವಿರ ಎಂದು ಕಡಿಮೆಯೇ ಹಿಡಿದು, ಚಿತ್ರಕ್ಕೆ ಐದು ಹಾಡೆಂದುಕೊಂಡರೂ 15,000 ಹಾಡಾಯಿತು. ಅದರಲ್ಲಿ 400 ಎಂದರೆ ನೂರಕ್ಕೆ ಮೂರೂ ಇಲ್ಲ. ಭಾವಗೀತೆ, ಜನಪದ ಗೀತೆ ಈ ಲೆಕ್ಕಕ್ಕೇ ಬಂದಿಲ್ಲ.

ಉಳಿದ ತೊಂಬತ್ತೇಳು ಕೆಟ್ಟ ಹಾಡುಗಳೆ? ಇದಕ್ಕೆ ಉತ್ತರ ಹುಡುಕಿದ ಒಂದು ಜಾಣ ಪ್ರಯೋಗವಿದೆ. ಅಮೆರಿಕದ ಸಾಲ್ಗನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಮೂವರು ವಿಜ್ಞಾನಿಗಳು 2006ರಲ್ಲಿ ಅದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡುಗಳನ್ನು ತೆಗೆದುಕೊಂಡರು. ಕೇಳಲು ಬಂದ 14,000ಕ್ಕೂ ಹೆಚ್ಚು ಜನರಲ್ಲಿ ಒಂದಷ್ಟು ಮಂದಿಗೆ ಹಾಡು ಮಾತ್ರ ಕಂಡಿತು. ಅವರು ತಮ್ಮ ಕಿವಿಯನ್ನೇ ನಂಬಿ ಆರಿಸಬೇಕು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಾಗಿ ಮಾಡಿದರು. ಪ್ರತಿ ಗುಂಪಿನಲ್ಲೂ ಆ ಗುಂಪಿನ ಬೇರೆಯವರು ಯಾವ ಹಾಡನ್ನು ಎಷ್ಟು ಸಲ ಪಡೆದುಕೊಂಡಿದ್ದಾರೆ ಎಂಬ ಸಂಖ್ಯೆ ಕಾಣುತ್ತಿತ್ತು. ಹಾಡುಗಳು ಅವೇ, ಆದರೆ ಎಂಟು ಗುಂಪುಗಳಲ್ಲಿ ಎಂಟು ಬಗೆಯ ಪಟ್ಟಿ! ಒಂದು ಲೋಕದಲ್ಲಿ ಮೇಲಿದ್ದ ಹಾಡು ಇನ್ನೊಂದರಲ್ಲಿ ಕೆಳಗೆ. ತೀರಾ ಒಳ್ಳೆಯ ಹಾಡು ತಳ ಸೇರುವುದು ಅಪರೂಪ, ತೀರಾ ಕೆಟ್ಟದ್ದು ತುದಿಗೇರುವುದೂ ಅಪರೂಪ. ನಡುವಿನವಕ್ಕೆ ಮಾತ್ರ ಏನು ಬೇಕಾದರೂ ಆಗಬಹುದು. ಆರಂಭದಲ್ಲಿ ಯಾರೋ ನಾಲ್ಕು ಜನ ಆರಿಸಿದ್ದೇ ಅದೃಷ್ಟವಾಗಿಬಿಡುತ್ತದೆ. ಪರೀಕ್ಷೆಯ ಫಲಿತಾಂಶ ನೋಡಿ ಮಕ್ಕಳ ಯೋಗ್ಯತೆ ಅಳೆಯುವ ತಂದೆತಾಯಿಯರು ಈ ಪ್ರಯೋಗವನ್ನು ಎರಡು ಸಲ ಓದಿದರೂ ನಷ್ಟವಿಲ್ಲ.

ಇನ್ನು ‘ಸ್ಥಳೀಯ ಕೇಂದ್ರ’ ಎಂಬ ಮಾತು. ಬ್ರಿಟನ್ನಿನ ಆ ಜಾಲ ಬೆಳೆದದ್ದು ಹೇಗೆ ಎಂದರೆ, ಹತ್ತಾರು ಪುಟ್ಟ ಊರುಗಳ ರೇಡಿಯೋ ಕೇಂದ್ರಗಳನ್ನು ಒಂದೇ ಕಂಪನಿ ಕೊಂಡು 2020ರ ಸೆಪ್ಟೆಂಬರ್‌ನಲ್ಲಿ ಅವುಗಳ ಹಳೆಯ ಹೆಸರು ಅಳಿಸಿ ಒಂದೇ ಹೆಸರು ಇಟ್ಟಿತು. ಹಳೆಯ ಹಾಡು ಬಂತು, ಊರಿನ ಹಳೆಯ ಕೇಂದ್ರ ಹೋಯಿತು. ಹಳೆಯ ಹಾಡುಗಳ ಮಾದರಿಗೆ ಖರ್ಚು ಬಹಳ ಕಡಿಮೆ. ಪಟ್ಟಿಯನ್ನು ಒಂದು ಕಡೆ ಕೂತು ಮಾಡಿ ನೂರು ಊರಿಗೆ ಹರಿಸಬಹುದು. ಹೊಸ ಹಾಡುಗಾರರನ್ನು ಹುಡುಕಬೇಕಿಲ್ಲ, ಊರಿನ ದನಿಯನ್ನು ಮುದ್ರಿಸಿಕೊಳ್ಳಲು ಜನ ಕಳಿಸಬೇಕಿಲ್ಲ. ಬೇಲೂರಿನಾಚೆ ಮಳೆ ಸುರಿಯುತ್ತಿದೆಯೋ ಬಿಸಿಲು ಕಾಯುತ್ತಿದೆಯೋ ಪಟ್ಟಿಗೆ ಗೊತ್ತಾಗದು.

ಮಲೆನಾಡಿನಲ್ಲಿ ಈ ಮಾತು ಬರೀ ಸಂಗೀತಕ್ಕೆ ನಿಲ್ಲುವುದಿಲ್ಲ. ಮಾರ್ಚ್, ಏಪ್ರಿಲ್‌ನ ಹೂಮಳೆ ಯಾವ ದಿನ ಬಿತ್ತು ಎಂಬುದರ ಮೇಲೆ ತೋಟದ ವರ್ಷದ ಫಸಲು ನಿಂತಿರುತ್ತದೆ. ಕೃಷಿ ಕಾರ್ಯಕ್ರಮ, ಹವಾಮಾನ, ಪ್ರದೇಶ ಸಮಾಚಾರ ಇವೆಲ್ಲ ಹಾಡಿನಷ್ಟೇ ಕಿವಿಗೊಟ್ಟು ಕೇಳಿದಂಥವು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದಾಗ ದಾರಿ ಕಡಿದುಹೋಯಿತು, ಕರೆಂಟು ಹೋಯಿತು, ಅದರ ಹಿಂದೆ ಮೊಬೈಲೂ ಹೋಯಿತು. ಇಂಥ ಹೊತ್ತಿನಲ್ಲಿ ಎರಡು ಸೆಲ್ಲಿನ ರೇಡಿಯೋಗೆ ಸಮನಾದ ಸಾಧನ ಇನ್ನೊಂದಿಲ್ಲ. ಆದರೆ ಅದರೊಳಗಿಂದ ಮಾತಾಡುವವರು ಯಾರಾದರೂ ಎಚ್ಚರವಿರಬೇಕಲ್ಲ? ಅಮೆರಿಕದ ಮೈನಾಟ್ ಎಂಬ ಊರಿನಲ್ಲಿ 2002ರ ಜನವರಿ 18ರ ನಡುರಾತ್ರಿ ಕಳೆದ ಮೇಲೆ ರೈಲೊಂದು ಹಳಿ ತಪ್ಪಿ ಅಮೋನಿಯಾ ವಿಷದ ಮೋಡ ಊರಿನ ಮೇಲೆ ಹರಡಿತು. ಒಬ್ಬರು ಸತ್ತರು, ನೂರಾರು ಮಂದಿ ಅಸ್ವಸ್ಥರಾದರು. ಜನರನ್ನು ಎಚ್ಚರಿಸಲು ಪೊಲೀಸರು ರೇಡಿಯೋ ಕೇಂದ್ರಕ್ಕೆ ಫೋನು ಮಾಡಿದರೆ ಎತ್ತುವವರು ಸಿಗಲಿಲ್ಲ. ಆ ಊರಿನ ಆರು ಕೇಂದ್ರಗಳು ಒಂದೇ ಕಂಪನಿಯ ಕೈಯಲ್ಲಿದ್ದವು. ತಪ್ಪು ಕೇಂದ್ರದ್ದೋ ಎಚ್ಚರಿಕೆಯ ಯಂತ್ರವನ್ನು ಬಳಸದ ಪೊಲೀಸರದ್ದೋ ಎಂಬ ವಾದ ಬಹಳ ದಿನ ನಡೆಯಿತು.

ಬೆಟ್ಟಸೀಮೆಯಲ್ಲಿ ಇನ್ನೊಂದು ತೊಡಕು ಭೌತಶಾಸ್ತ್ರದ್ದು. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರ್. ಅದನ್ನು ಕಂಪನಾಂಕದಿಂದ ಭಾಗಿಸಿದರೆ ತರಂಗದ ಉದ್ದ ಸಿಗುತ್ತದೆ. 675 ಕಿಲೋಹರ್ಟ್ಸ್‌ಗೆ 444 ಮೀಟರ್. ಹಾಸನ ಆಕಾಶವಾಣಿಯ 102.2 ಮೆಗಾಹರ್ಟ್ಸ್ ಎಫ್‌ಎಂಗೆ 3 ಮೀಟರೂ ತುಂಬದು. ಹೊಳೆಯ ನಡುವೆ ದೊಡ್ಡ ಬಂಡೆಯಿದ್ದರೆ ಸಣ್ಣ ಸಣ್ಣ ಅಲೆ ಅದಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ, ಬಂಡೆಯ ಹಿಂದೆ ನೀರು ಶಾಂತ. ಉದ್ದನೆಯ ಅಲೆ ಬಂಡೆಯನ್ನು ಬಳಸಿಕೊಂಡು ಹಿಂದಕ್ಕೂ ಬರುತ್ತದೆ. 444 ಮೀಟರಿನ ತರಂಗಕ್ಕೆ ನಮ್ಮ ಗುಡ್ಡ ಅಂಥ ಅಡ್ಡಿಯಲ್ಲ, ಮೂರು ಮೀಟರಿನದಕ್ಕೆ ಅದು ಕೋಟೆ. ಸಪಾಟಾದ ಬಯಲಿನಲ್ಲಿ 100 ಮೀಟರ್ ಎತ್ತರದ ಗೋಪುರದಿಂದ ಎಫ್‌ಎಂ ಸುಮಾರು 40 ಕಿಲೋಮೀಟರ್‌ವರೆಗೆ ನೇರವಾಗಿ ಹೋಗುತ್ತದೆ. ಕಡೂರಿನ ಬಯಲಿಗೆ ಹೊಂದುವ ಈ ಲೆಕ್ಕ ಕಳಸದ ಕಣಿವೆಗೆ ಹೊಂದದು. ಒಂದೇ ಊರಿನಲ್ಲಿ ದಿಣ್ಣೆಯ ಮೇಲಿನ ಮನೆಗೆ ಹಾಡು ಸ್ಪಷ್ಟ, ಕೆಳಗೆ ಗದ್ದೆಬದಿಯ ಮನೆಗೆ ಬರೀ ಸರಸರ. ಎಫ್‌ಎಂನ ಸದ್ದು ಶುದ್ಧ ನಿಜ. ಆದರೆ ಕೆಲವು ವರ್ಷಗಳಿಂದ ದೇಶದಾದ್ಯಂತ ಹಳೆಯ ಮಧ್ಯಮ ತರಂಗ ಪ್ರಸಾರಕಗಳನ್ನು ಒಂದೊಂದಾಗಿ ನಿಲ್ಲಿಸುತ್ತಿರುವುದು ಇಂಥ ಗದ್ದೆಬದಿಯ ಮನೆಗಳ ಮಟ್ಟಿಗೆ ಒಳ್ಳೆಯ ಸುದ್ದಿಯಲ್ಲ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 234 ಹೊಸ ಪಟ್ಟಣಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಸಣ್ಣ ಪಟ್ಟಣಗಳಿಗೆ ಸ್ಥಳೀಯ ನುಡಿಯ ಕಾರ್ಯಕ್ರಮ ಸಿಗಲಿ ಎಂಬುದು ಹೇಳಿದ ಉದ್ದೇಶ. ಸಣ್ಣ ಪಟ್ಟಣದಲ್ಲಿ ಜಾಹೀರಾತು ಕಡಿಮೆ. ಜಾಹೀರಾತು ಕಡಿಮೆ ಇರುವಲ್ಲಿ ಅಗ್ಗದ ದಾರಿ ಯಾವುದು ಎಂಬುದನ್ನು ಈಗಾಗಲೇ ನೋಡಿದ್ದಾಯಿತು. ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಕೊಡುವಂತೆಯೂ ಇಲ್ಲ, ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು ಅಷ್ಟೆ. ಹಾಗಾಗಿ ಪರವಾನಗಿಯ ಷರತ್ತಿನಲ್ಲಿ ಊರಿನ ದನಿಗೆ ದಿನಕ್ಕೆ ಒಂದು ಗಂಟೆಯನ್ನಾದರೂ ಕಡ್ಡಾಯ ಮಾಡುವುದು ನ್ಯಾಯ. ಹಳೆಯ ಹಾಡು ಬೇಡವೆಂದಲ್ಲ. ಆ ಹಾಡಿನ ಪಟ್ಟಿಗೆ ಆಲ್ದೂರಿನ ಶಾಲೆಯ ಮಕ್ಕಳೂ ಹೆಸರು ಕಳಿಸುವಂತಿರಲಿ, ಕೋಲಾಟದ ಪದ ಬಲ್ಲ ಅಜ್ಜಿಯರ ದನಿಯೂ ನಡುವೆ ಬರುವಂತಿರಲಿ.

ಮೊಬೈಲಿನಲ್ಲಿ ರೇಡಿಯೋ ಕೇಳುವವರಿಗೂ ಒಂದು ಮಾತು. ಹಲವು ಫೋನುಗಳೊಳಗೆ ಎಫ್‌ಎಂ ಗ್ರಾಹಕ ಇದ್ದರೂ ತಯಾರಕರು ಅದನ್ನು ಮುಚ್ಚಿಟ್ಟಿರುತ್ತಾರೆ. ಹಾಗೆ ಮಾಡಬೇಡಿ, ವಿಪತ್ತಿನ ಕಾಲಕ್ಕೆ ಅದು ಬೇಕು ಎಂದು ಕೇಂದ್ರ ಸರ್ಕಾರ 2023ರಲ್ಲಿ ಅವರಿಗೆ ಸಲಹೆ ಕಳಿಸಿತು. ಎಫ್‌ಎಂ ತರಂಗದ ಕಾಲುಭಾಗ ಸುಮಾರು 75 ಸೆಂಟಿಮೀಟರ್, ಇಯರ್‌ಫೋನಿನ ತಂತಿ ಹತ್ತಿರ ಹತ್ತಿರ ಒಂದು ಮೀಟರ್. ಆ ತಂತಿಯೇ ಆಂಟೆನಾ. ತಂತಿ ಸಿಕ್ಕಿಸದಿದ್ದರೆ ಫೋನಿನ ರೇಡಿಯೋ ತಕರಾರು ಮಾಡುವುದು ಇದಕ್ಕೇ.

ಅಟ್ಟದ ಮೇಲೆ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಈ ವಾರ ಕೆಳಗಿಳಿಸಿ, ಹೊಸ ಸೆಲ್ಲು ಹಾಕಿ. ಹಳೆಯ ಸೆಲ್ಲು ಸೋರಿ ಹಸಿರುಗಟ್ಟಿದ್ದರೆ ತುದಿಗಳನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಬೇಕು. ಮಧ್ಯಾಹ್ನ ಮಧ್ಯಮ ತರಂಗದ ಪಟ್ಟಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ತಿರುಗಿಸಿ ಎಷ್ಟು ಕೇಂದ್ರ ಸಿಗುತ್ತವೆ ಎಂದು ಬರೆದುಕೊಳ್ಳಿ. ರಾತ್ರಿ ಎಂಟಕ್ಕೆ ಅದನ್ನೇ ಮತ್ತೆ ಮಾಡಿ. ಹಗಲು ಹೊತ್ತು ವಾತಾವರಣದ ಮೇಲಿನ ಅಯಾನುಮಂಡಲದ ಕೆಳಪದರ ಈ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಇನ್ನೂ ಮೇಲಿನ ಪದರ ತರಂಗಗಳನ್ನು ಕನ್ನಡಿಯಂತೆ ನೆಲಕ್ಕೆ ಹಿಂದಿರುಗಿಸುತ್ತದೆ. ಆದ್ದರಿಂದ ಹಗಲು ಕೇಳದ ದೂರದೂರುಗಳ ನುಡಿ ರಾತ್ರಿ ಕೇಳುತ್ತದೆ. ಒಂದು ಕೇಂದ್ರ ಸ್ಪಷ್ಟವಾಗಿ ಸಿಕ್ಕಿದಾಗ ಪೆಟ್ಟಿಗೆಯನ್ನು ಮೇಜಿನ ಮೇಲೆ ಮೆಲ್ಲನೆ ಸುತ್ತ ತಿರುಗಿಸಿ. ಒಂದು ದಿಕ್ಕಿನಲ್ಲಿ ದನಿ ತೀರಾ ಕ್ಷೀಣಿಸುತ್ತದೆ. ಪೆಟ್ಟಿಗೆಯೊಳಗೆ ಅಡ್ಡಲಾಗಿ ಮಲಗಿರುವ ಫೆರೈಟ್ ಕಡ್ಡಿಯ ತುದಿ ಆಗ ಪ್ರಸಾರ ಗೋಪುರದ ಕಡೆಗೋ ಅದರ ನೇರ ಬೆನ್ನಿಗೋ ಮುಖ ಮಾಡಿರುತ್ತದೆ. ನಕ್ಷೆ ಹರಡಿಕೊಂಡು ಗೆರೆ ಎಳೆದರೆ ಅದು ಯಾವ ಊರಿನ ಮೇಲೆ ಹಾಯುತ್ತದೆ ಎಂದು ನೋಡಬಹುದು. 675ರ ಸುತ್ತಮುತ್ತ ಏನು ಕೇಳಿತು, ಎಷ್ಟು ಗಂಟೆಗೆ, ದಿಣ್ಣೆಯ ಮನೆಯಲ್ಲೋ ಗದ್ದೆಬದಿಯಲ್ಲೋ ಎಂಬುದನ್ನೂ ಅದೇ ಹಾಳೆಯಲ್ಲಿ ಗುರುತು ಮಾಡಿ.